ಗಾಳಿ ಸಾಗಣೆಯ ಗುತ್ತಿಗೆ

ಚಂಡಮಾರುತ ಮರ ಉರುಳಿಸುವುದು ಪುಕ್ಕಟೆಗೆ. ಉರುಳಿದ್ದನ್ನು ಎತ್ತಿಸಲು ಮಾತ್ರ ಘನ ಮೀಟರ್ ಲೆಕ್ಕದಲ್ಲಿ ದುಡ್ಡು ತೆರಬೇಕು. ಈ ಘನ ಮೀಟರ್ ಬಹಳ ಉದಾರಿ. ಕಟ್ಟಿಗೆ ಬೇರೆ, ಕಟ್ಟಿಗೆಯ ಸಂದಿನಲ್ಲಿರುವ ಗಾಳಿ ಬೇರೆ ಎಂಬ ಭೇದವನ್ನು ಅದು ಎಣಿಸುವುದಿಲ್ಲ.

12 ಘನ ಮೀಟರ್ ಹಿಡಿಯುವ ಟಿಪ್ಪರ್‌ ತುಂಬ ಕೊಂಬೆ ತುಂಬಿದೆ ಎನ್ನಿ. ಅಷ್ಟನ್ನೂ ರಸ್ತೆ ಬದಿಯಲ್ಲೇ ಚಿಪ್ಪರ್‌ ಎಂಬ ಕೊಂಬೆ ಕೊಚ್ಚುವ ಯಂತ್ರದ ಬಾಯಿಗೆ ಕೊಟ್ಟರೆ ಉಳಿಯುವುದು ಸುಮಾರು 3 ಘನ ಮೀಟರ್ ಚೂರು. ನಾಲ್ಕಕ್ಕೆ ಒಂದು, ಇದು ಈ ಕೆಲಸದಲ್ಲಿ ರೂಢಿಯ ಲೆಕ್ಕ. ನಾಲ್ಕು ಲೋಡಿನ ಜಾಗದಲ್ಲಿ ಒಂದೇ ಲೋಡು, ಡೀಸೆಲ್ ಉಳಿತಾಯ, ರಸ್ತೆಯೂ ಬೇಗ ಖಾಲಿ. ಇಷ್ಟು ದೊಡ್ಡ ಅನಾಹುತವನ್ನು ಯಾವ ಗುತ್ತಿಗೆದಾರ ಸಹಿಸಿಯಾನು? ಹಾಗಾಗಿ ಚಿಪ್ಪರ್‌ ಟಾರ್ಪಾಲು ಹೊದ್ದು ಮಲಗಿರುತ್ತದೆ. ಉದ್ಘಾಟನೆಯ ದಿನ ಒಂದು ತೆಳ್ಳನೆಯ ರೆಂಬೆಯನ್ನು ಅದಕ್ಕೆ ತಿನ್ನಿಸಿ ಫೋಟೊ ತೆಗೆಸಿಕೊಂಡದ್ದಷ್ಟೇ ಅದರ ಸೇವಾ ದಾಖಲೆ.

ಲೋಡು ತುಂಬುವುದೂ ಒಂದು ಕಲೆ. ಕವಲೊಡೆದ ದಪ್ಪ ರೆಂಬೆಯನ್ನು ಮೊದಲು ಅಡ್ಡಡ್ಡ ಸಿಕ್ಕಿಸಬೇಕು, ಅದರ ಮೇಲೆ ಎಲೆ ಸಮೇತ ಕೊಂಬೆ ಹರಡಬೇಕು. ಕೆಳಗೆ ಒಂದು ಸಂಸಾರ ಹೂಡುವಷ್ಟು ಟೊಳ್ಳು, ಮೇಲೆ ಹಸಿರು ಗೋಪುರ. ನೆಲದ ಮೇಲೆ ನಿಂತವನಿಗೆ ಬರೀ ಗೋಪುರ ಕಾಣುತ್ತದೆ. ತನಿಖೆಯವನನ್ನು ಅಟ್ಟಣೆ ಹತ್ತಿಸಿ ಮೇಲಿನಿಂದ ಪೆಟ್ಟಿಗೆಯೊಳಗೆ ನೋಡಿಸಬೇಕು, ಪ್ರತಿ ಲಾರಿಯ ಉದ್ದ, ಅಗಲ, ಎತ್ತರ ಮೊದಲೇ ಅಳೆದು ಅದರ ಮೈಮೇಲೆ ಬರೆಸಬೇಕು ಎನ್ನುವುದು ಅದಕ್ಕೇ. ನಮ್ಮಲ್ಲಿ ಅಟ್ಟಣೆಯ ಬದಲು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೂತವನು ಲಾರಿಯ ಮುಖ ನೋಡಿ “ಪೂರ್ತಿ” ಎಂದು ಚೀಟಿ ಹರಿದು ಕೊಡುತ್ತಾನೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡವರ ಗಾದೆ ಕೇಳಿದ್ದೇವೆ. ಗಾಳಿ ತುಂಬಿ ಜೇಬು ಉಬ್ಬಿಸಿಕೊಂಡವರ ಗಾದೆಯನ್ನು ಇನ್ನು ಕಟ್ಟಬೇಕು.

ಹಾಗಾದರೆ ತೂಕ ಹಾಕಿ ಕೊಡೋಣವೇ? ಧಾರಾಳವಾಗಿ. ಮಾರನೆಯ ದಿನದಿಂದಲೇ ಬೇರುಗುಡ್ಡೆಗಳು ಮಣ್ಣು, ಕಲ್ಲು ಸಮೇತ ಮೆರವಣಿಗೆ ಹೊರಡುತ್ತವೆ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಮಿಕ್ಕಿದ್ದನ್ನು ಕೆಸರು ತುಂಬಿಕೊಡುತ್ತದೆ. ಆ ಮಣ್ಣು, ಕಲ್ಲು ಮರ ಅರೆಯುವ ಗ್ರೈಂಡರ್‌ಗೆ ಹೋದರೆ ಹಲ್ಲುಗಳು ಸವೆದು, ಮುರಿದು ಯಂತ್ರ ಕೂರುತ್ತದೆ. ಯಂತ್ರ ಕೂತ ದಿನದ ಬಾಡಿಗೆಗೆ ಬೇರೆ ಬಿಲ್ಲು. ಚೂರಾದ ಮೇಲೆ ಅಳೆದು ದುಡ್ಡು ಕೊಟ್ಟು, ಆಗಾಗ ಒಂದೊಂದು ಲೋಡನ್ನು ತೂಗಿ ತಾಳೆ ನೋಡಿದರೆ ಎರಡು ಆಟವೂ ಬಂದ್. ಟೆಂಡರಿನಲ್ಲಿ ಒಂದೇ ಸಾಲಿನ ಕೆಲಸ. ಆ ಸಾಲು ಬರೆಯುವ ಪೆನ್ನಿಗೆ ಟೆಂಡರ್ ಕರೆದಂತಿಲ್ಲ.

ಮುಂದಿನದು ವಿಂಗಡಣೆ. ಮನೆ ಮುಂದೆ ರಾಶಿ ಹಾಕುವಾಗಲೇ ಕೊಂಬೆ ಒಂದು ಕಡೆ, ತಗಡು, ಪೈಪು, ತಂತಿ ಇನ್ನೊಂದು ಕಡೆ ಇದ್ದರೆ ಕೆಲಸ ಸಲೀಸು. ಯಂತ್ರದ ಇಕ್ಕಳ ಎಲ್ಲವನ್ನೂ ಒಟ್ಟಿಗೆ ಬಾಚಿದ ಮೇಲೆ ದೇವರಿಂದಲೂ ಬೇರ್ಪಡಿಸಲಾಗದು. ತಂತಿ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಮೊಳೆ ಬ್ಲೇಡನ್ನು ತಿನ್ನುತ್ತದೆ, ಪ್ಲಾಸ್ಟಿಕ್ ಚೂರು ಬೆರೆತ ಮರಚೂರನ್ನು ಯಾವ ತೋಟದವನೂ ಮುಟ್ಟುವುದಿಲ್ಲ. ಆಗ ಇಲಾಖೆ ಹೇಳುತ್ತದೆ: “ಮರಚೂರಿಗೆ ಬೇಡಿಕೆಯೇ ಇಲ್ಲ.”

ಬೇಡಿಕೆಯಿಲ್ಲದ ಚೂರು ತಾತ್ಕಾಲಿಕ ಯಾರ್ಡಿನಲ್ಲಿ ಕಾಯಂ ಬೆಟ್ಟವಾಗುತ್ತದೆ. ಹಸಿ ಎಲೆ ಬೆರೆತ ಚೂರಿನ ರಾಶಿಯನ್ನು ಸೂಕ್ಷ್ಮಜೀವಿಗಳೇ ಕೆಲವೇ ದಿನಗಳಲ್ಲಿ 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡುತ್ತವೆ. ಆಮೇಲೆ ರಾಸಾಯನಿಕ ಕ್ರಿಯೆಯೇ ಶಾಖ ಏರಿಸುತ್ತ ಹೋಗಿ, ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಎತ್ತರ 3–4 ಮೀಟರ್ ಮೀರದಂತೆ ಉದ್ದುದ್ದ ಸಾಲು ಹಾಕಿ, ನಡುವೆ ಅಗ್ನಿಶಾಮಕ ವಾಹನ ಓಡಾಡುವಷ್ಟು ದಾರಿ ಬಿಟ್ಟು, ಉದ್ದ ಕಡ್ಡಿಯ ಥರ್ಮಾಮೀಟರ್ ಒಳಗೆ ಚುಚ್ಚಿ ನೋಡುತ್ತಿದ್ದರೆ ಗಂಡಾಂತರ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಜಾಗ ಉಳಿಸಲು ಬುಲ್ಡೋಜರ್ ಹತ್ತಿಸಿ ತುಳಿಸಿದರೆ ಶಾಖ ಹೊರಹೋಗಲು ಎಡೆಯಿಲ್ಲ. ಹೊಗೆ ಎದ್ದ ದಿನ ಮೇಲಿನಿಂದ ನೀರು ಹೊಡೆಯುತ್ತಾರೆ. ನೀರು ಮೇಲ್ಪದರದಲ್ಲೇ ಹರಿದುಹೋಗುತ್ತದೆ, ಒಡಲು ಉರಿಯುತ್ತಲೇ ಇರುತ್ತದೆ. ರಾಶಿಯನ್ನು ಎಳೆದು ಹರವಿ ನಂದಿಸದೆ ಗತ್ಯಂತರವಿಲ್ಲ. ಪತ್ರಿಕಾ ಹೇಳಿಕೆಯಲ್ಲಿ ಮಾತ್ರ “ಕಿಡಿಗೇಡಿಗಳ ಕೃತ್ಯ”.

ಸುಡುವುದಾದರೆ ನೆಟ್ಟಗೆ ಸುಡಬಹುದು. ಗುಂಡಿಯ ಬಾಯಿಗೆ ಅಡ್ಡಲಾಗಿ ಫ್ಯಾನಿನಿಂದ ಗಾಳಿಯ ಪರದೆ ಬೀಸಿದರೆ ಹೊಗೆ ಗುಂಡಿಯೊಳಗೇ ಮರಳಿ ಉರಿಯುತ್ತದೆ, ಗಾತ್ರ 95 ಶೇಕಡಾದಷ್ಟು ಇಳಿಯುತ್ತದೆ. ಪರದೆಗಿಂತ ಮೇಲೆ ಕೊಂಬೆ ಚಾಚಿತೋ, ಇಡೀ ಏರ್ಪಾಡು ದಂಡ. ಬೇಗ ಮುಗಿಸುವ ಆತುರದಲ್ಲಿ ಅದು ಚಾಚಿಯೇ ಇರುತ್ತದೆ. ಉಳಿದ ಬೂದಿ ಕ್ಷಾರೀಯ. ಕೆರೆ, ಹಳ್ಳದ ದಡಕ್ಕೆ ಸುರಿಯುವಂತಿಲ್ಲ. ದಡವೇ ಹತ್ತಿರ ಎಂಬುದು ಚಾಲಕನ ವಾದ.

ಕೀಟದ ಮಾತು ಎತ್ತಲೇಬಾರದು. ತೊಗಟೆ ಕೆಳಗೆ ಹುಳುವಿರುವ ದಿಮ್ಮಿಯನ್ನು ದೂರದ ಊರಿಗೆ ಸಾಗಿಸಿದರೆ ಬಿರುಗಾಳಿ ಮುಟ್ಟದ ಮರಗಳಿಗೂ ಪರಿಹಾರದ ಪಾಲು ಸಿಕ್ಕಂತೆ.

ಏನೂ ಬೇಡವೆಂದರೆ ಹೂತುಬಿಡುವುದು. ಗಾಳಿಯಾಡದ ಗುಂಡಿಯಲ್ಲಿ ಕಟ್ಟಿಗೆ ವರ್ಷಗಟ್ಟಲೆ ನಿಧಾನವಾಗಿ ಕೊಳೆತು ಮೀಥೇನ್ ಬಿಡುತ್ತದೆ, ಮೇಲಿನ ನೆಲ ಅಲ್ಲಲ್ಲಿ ಕುಸಿಯುತ್ತದೆ. ಕುಸಿಯುವ ಹೊತ್ತಿಗೆ ಅಲ್ಲೊಂದು ಉದ್ಯಾನವೂ ಅದಕ್ಕೊಂದು ನಾಮಫಲಕವೂ ಎದ್ದಿರುತ್ತವೆ. ತಗ್ಗು ತುಂಬಲು ಮಣ್ಣು ಬೇಕಲ್ಲ, ಅದಕ್ಕೂ ಅಂದಾಜು ಪಟ್ಟಿ ತಯಾರಿದೆ. ದರ: ಘನ ಮೀಟರಿಗೆ ಇಂತಿಷ್ಟು, ಸಡಿಲ ಅಳತೆಯಲ್ಲಿ.