ಶನಿವಾರ ಎಲ್ಲಿ ಹೋಯಿತು?

ವಿಮಾನದ ಟಿಕೆಟ್ಟಿನಲ್ಲಿ ತಲುಪುವ ವೇಳೆಯ ಪಕ್ಕ ಇರುವೆಯಷ್ಟು ಸಣ್ಣದಾಗಿ '+2' ಎಂದು, ಅಂದರೆ ತಲುಪುವುದು ಹೊರಟ ತಾರೀಕಿನ ಎರಡು ದಿನದ ಮೇಲೆ ಎಂದು, ಬರೆದಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬರುವ ಅತ್ತೆಗೆ ಯಾವ ರಾತ್ರಿ ಕಾರು ಹೇಳಬೇಕೆಂದು ನಾನು ಅದನ್ನೇ ದಿಟ್ಟಿಸುತ್ತಿದ್ದರೆ ಮಗ, "17 ಗಂಟೆ ಅಷ್ಟೇ ಅಪ್ಪಾ, ನಾನ್‌ಸ್ಟಾಪ್" ಎಂದ. ಈ 'ಅಷ್ಟೇ' ಎನ್ನುವವರನ್ನು ಕಂಡರೆ ನನಗಾಗದು. ಸುಮಾರು 14,000 ಕಿಲೋಮೀಟರನ್ನು ನಡುಸೀಟಿನಲ್ಲಿ ಕೂತು ಸವೆಸಿದವರ ಮಂಡಿಯನ್ನು ವಿಚಾರಿಸಿ ಆಮೇಲೆ ಆಡಲಿ ಆ ಮಾತು. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿಹಿಡಿದರೆ ಅದು ಉತ್ತರ ಧ್ರುವದ ಪಕ್ಕಕ್ಕೇ ಜಾರುತ್ತದೆ. ದೂರವೆಂದರೇನು ಎಂಬುದರ ಬಗ್ಗೆ ಈ ದಾರ ಏನೋ ಹೇಳುತ್ತದೆ, ಅದಕ್ಕೆ ಬರುತ್ತೇನೆ.

ಮೊದಲು ಅತ್ತೆಯ ವಿಷಯ. ಅವರಿಗೆ ಶನಿವಾರ ಒಪ್ಪೊತ್ತು. ಹೋಗುವಾಗ ಶನಿವಾರ ಮಧ್ಯಾಹ್ನ ದೇವನಹಳ್ಳಿಯಲ್ಲಿ ಹತ್ತಿದರು. ಇಳಿದಾಗ ಅಲ್ಲಿ ಅದೇ ಶನಿವಾರದ ಸಂಜೆ. ಚಳಿಗಾಲದಲ್ಲಿ ಎರಡೂ ಊರಿಗೆ ಹದಿಮೂರೂವರೆ ಗಂಟೆ ಅಂತರ, ಹಾಗಾಗಿ ಅವರ ಪಾಲಿಗೆ ಆ ಶನಿವಾರ ಮೂವತ್ತೇಳೂವರೆ ಗಂಟೆ ಎಳೆಯಿತು. ವಿಮಾನದಲ್ಲಿ ಬಂದ ಊಟವನ್ನೆಲ್ಲ ವಾಪಸು ಕಳಿಸಿದರು. ಮಗಳ ಮನೆಯಲ್ಲಿ ಬಿಸಿಬೇಳೆಬಾತ್ ಘಮಗುಡುತ್ತಿದ್ದರೂ ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ಆ ಸಿಟ್ಟನ್ನು ಬಡ್ಡಿ ಸಮೇತ ಇಟ್ಟುಕೊಂಡಿದ್ದರು.

ಜನವರಿಯಲ್ಲಿ ವಾಪಸು ಬಂದರು. ಶುಕ್ರವಾರ ರಾತ್ರಿ ಹೊರಟು ಭಾನುವಾರ ಬೆಳಗಿನ ಜಾವ ಇಳಿದದ್ದು. ಕಾಫಿ ಕೊಡುತ್ತಾ ನನ್ನಮ್ಮ ಕೇಳಿದಳು: "ಅತ್ತಿಗೆ, ನಿನ್ನೆ ಒಪ್ಪೊತ್ತು ಮಾಡಿದ್ರಾ?"

"ಎಲ್ಲಾ ಹೊತ್ತೂ ಉಂಡೆ ಕಣೇ" ಎಂದರು ಅತ್ತೆ. ಪಂಚಾಂಗದ ಪ್ರಕಾರ ವಾರ ಶುರುವಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯೋದಯದಲ್ಲಿ. ಅವರು ಹತ್ತಿದ್ದು ಕತ್ತಲಲ್ಲಿ, ಇಳಿದದ್ದು ಕತ್ತಲಲ್ಲಿ. ನಡುವೆ ದಾಟಿದ್ದು ಧ್ರುವ; ಅಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. "ಉದಯವೇ ಆಗದ ಮೇಲೆ ಶನಿವಾರ ಎಲ್ಲಿಂದ ಬಂತು?"

"ಇಲ್ಲಿ ಆಗಿತ್ತಲ್ಲ, ನಾನೇ ನೋಡಿದೆ" ಎಂದಳು ಅಮ್ಮ.

"ನೀನು ನೋಡಿದ್ರೆ ಒಪ್ಪೊತ್ತು ನೀನು ಮಾಡು."

ಪುರೋಹಿತರಿಗೆ ಫೋನು ಹೋಯಿತು. ಅವರು ಎರಡೂ ಕಡೆಯವರ ವಾದ ಕೇಳಿ, ಇನ್ನೊಂದು ಕರೆ ಬರುತ್ತಿದೆ ಎಂದು ಇಟ್ಟುಬಿಟ್ಟರು. ಜಾಣರು.

ಮಗ ಇದಕ್ಕೊಂದು ಪೂರ್ವನಿದರ್ಶನವನ್ನೂ ಹುಡುಕಿಕೊಟ್ಟ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾದ ಮೊದಲ ಬೆಂಗಳೂರು ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಧ್ರುವದ ಮೇಲಿಂದ ಹಾರಿಸಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಸಿದರು. ಮಾಯವಾದ 10ನೇ ತಾರೀಕು ಭಾನುವಾರ. ಅದರಲ್ಲಿದ್ದ ನೌಕರಸ್ಥರನ್ನು ನೆನೆದರೆ ನನಗೆ ಅತ್ತೆಯ ಶನಿವಾರಕ್ಕಿಂತ ಹೆಚ್ಚು ಸಂಕಟವಾಗುತ್ತದೆ. ರಜಾದಿನ ನುಂಗಿದವರು ಅದಕ್ಕೆ ಟಿಕೆಟ್ ದುಡ್ಡನ್ನೂ ವಸೂಲು ಮಾಡುತ್ತಾರಲ್ಲ!

ದಾರದ ವಿಷಯ ಹೇಳಬೇಕಿತ್ತು. ಆದರೆ ಅತ್ತೆ ಮತ್ತೆ ಕರೆಯುತ್ತಿದ್ದಾರೆ. ಜೂನಿನಲ್ಲಿ ಆ ಕಡೆ ಸೂರ್ಯ ಮುಳುಗುವುದೇ ಇಲ್ಲವೆಂದು ಮಗ ಬಾಯಿಬಿಟ್ಟಿದ್ದಾನೆ. ಒಪ್ಪೊತ್ತಿನಲ್ಲಿ ಬಿಡುವುದು ರಾತ್ರಿಯೂಟ. ರಾತ್ರಿಯೇ ಆಗದಿದ್ದರೆ ಬಿಡುವುದೇನನ್ನು ಎಂದು ಅವರ ಪ್ರಶ್ನೆ. ಜೂನಿನ ಟಿಕೆಟ್ ದರ ಎಷ್ಟಿದೆ ನೋಡಬೇಕಂತೆ.