ಮುರಕಲ್ಲಿನ ಗುಡ್ಡ ಕುಸಿಯಲ್ಲ ಎಂಬ ಸಂದೇಶ: ಒಂದು ಸ್ಪಷ್ಟನೆ

‘ಮಂಗಳೂರಿನದು ಮುರಕಲ್ಲಿನ ಗುಡ್ಡ, ಕಡಿದು ಮನೆ ಕಟ್ಟಿದರೂ ಜಗ್ಗಲ್ಲ. ಅಕಸ್ಮಾತ್ ಕುಸಿದರೆ ಸರ್ಕಾರ ಹೊಸ ಮನೆ ಕೊಡುತ್ತೆ, ವಿಮೆಯೂ ಇದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಸೈಟು ಮಾರುವವರಿಗೆ ಅನುಕೂಲವಾದ ಮಾತು, ಅಷ್ಟೇ.

ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಗಟ್ಟಿ, ನಿಜ. ಆದರೆ ನಮ್ಮಲ್ಲಿ ಅನೇಕ ಕಡೆ ಅದರ ಕೆಳಗಿರುವುದು ಶೇಡಿ ಮಣ್ಣು, ಒಂದು ಬಗೆಯ ಮೆತ್ತನೆ ಜೇಡಿ. ಬೇಸಿಗೆಯಲ್ಲಿ ಜೇಸಿಬಿ ಕಡಿದ ಧರೆಯನ್ನು ನೋಡಿ: ಮೇಲೆ ಕೆಂಪು ಕಲ್ಲು, ಬುಡದಲ್ಲಿ ಬಿಳಿ, ನಸುಗೆಂಪು ಪಟ್ಟೆ. ಒಣಗಿದಾಗ ನೆಟ್ಟಗೆ ನಿಲ್ಲುವ ಆ ಪಟ್ಟೆ ಜೂನ್, ಜುಲೈ ಮಳೆ ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಮೇಲಿನ ಕಲ್ಲೂ ಅದರ ಜೊತೆಗೇ ಬರುತ್ತದೆ. ನೀರು ಹೊರಹೋಗಲು ತೂತು ಬಿಡದ ತಡೆಗೋಡೆ ಇದ್ದರೆ ಕೇಳುವುದೇ ಬೇಡ. ಕಡಿದವರು ಒಬ್ಬರು, ಮಣ್ಣು ಬೀಳುವುದು ಬಹಳ ಸಲ ಕೆಳಗಿನ ಮನೆಯವರ ಮೇಲೆ.

ಪರಿಹಾರದ ಲೆಕ್ಕ: 2022–26ರ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಪೂರ್ತಿ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ. 2019ರ ನೆರೆಯಲ್ಲಿ ರಾಜ್ಯ 5 ಲಕ್ಷ ಘೋಷಿಸಿತ್ತು. ಅದು ಪ್ರತಿ ವರ್ಷದ ಹಕ್ಕಲ್ಲ. ಆ ನಿಧಿಗೆ ಕೇಂದ್ರ ಶೇ 75, ರಾಜ್ಯ ಶೇ 25 ಪಾಲು ಹಾಕುತ್ತವೆ, ಅಂದರೆ ಗುಡ್ಡ ಮುಟ್ಟದವರ ತೆರಿಗೆಯೂ ಅದರಲ್ಲಿದೆ.

ವಿಮೆ? 2021ರಿಂದ ಇರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಭೂಕುಸಿತ ಸೇರಿದೆ. ಆದರೆ ದೋಷಪೂರ್ಣ ವಿನ್ಯಾಸ, ಅಗೆತದಿಂದಾದ ಕುಸಿತ ಹೊರಗೆ. ಕಡಲ್ಕೊರೆತವೂ ಹೊರಗೆ, ಉಳ್ಳಾಲ, ಸೋಮೇಶ್ವರದ ಕಡೆ ಸೈಟು ನೋಡುತ್ತಿರುವವರು ಅದನ್ನು ಓದಿಯೇ ಅಡ್ವಾನ್ಸ್ ಕೊಡಿ.