ಜಾಮೀನು ಹಾಕುವ ಹೀರೋಗಳು

ಶಿವಮೊಗ್ಗದಲ್ಲಿ ಹೊಸ ತರದ ಅಂಗಿ ಹಾಕಿಕೊಂಡು ಮನೆಯಿಂದ ಹೊರಬಿದ್ದರೆ, ದುರ್ಗಿಗುಡಿ ದಾಟುವುದರೊಳಗೆ ಮೂರು ಜನಕ್ಕಾದರೂ ಉತ್ತರ ಹೇಳಬೇಕು. "ಏನ್ ಮಾರಾಯ, ಇವತ್ತು ಜೋರು?" ಅಂತ ಒಬ್ಬರು. "ಮಗಳು ಬೆಂಗಳೂರಿಂದ ಕಳಿಸಿದ್ದಾ?" ಅಂತ ಇನ್ನೊಬ್ಬರು. ಮೂರನೆಯವರು ಏನೂ ಕೇಳುವುದಿಲ್ಲ. ಮೇಲಿಂದ ಕೆಳಗೆ ಒಮ್ಮೆ ನೋಡಿ ನಗುತ್ತಾರೆ. ಆ ನಗು ಇದೆಯಲ್ಲ, ಅದಕ್ಕೆ ಉತ್ತರ ಹೇಳುವುದೇ ಕಷ್ಟ. ತೀರ್ಥಹಳ್ಳಿ, ಹೊಸನಗರದ ಕಡೆ ಹೋದರಂತೂ ಮುಗಿದೇ ಹೋಯ್ತು. ಬಸ್ಸಿಂದ ಇಳಿದವರ ಚಪ್ಪಲಿ ಹೊಸದಾ ಹಳೇದಾ ಅನ್ನುವುದು ಎದುರಿನ ಹೋಟೆಲಿನ ಗಲ್ಲಾಪೆಟ್ಟಿಗೆ ಹಿಂದೆ ಕೂತವರಿಗೂ ಗೊತ್ತಿರುತ್ತದೆ.

ಬೆಂಗಳೂರಿನಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ತಲೆಗೆ ನೀಲಿ ಬಣ್ಣ ಹಚ್ಚಿಕೊಂಡು ಮೆಟ್ರೋ ಹತ್ತಿದರೂ ಪಕ್ಕದವರು ಫೋನಿನಿಂದ ಕಣ್ಣು ತೆಗೆಯುವುದಿಲ್ಲ.

ಸಿನಿಮಾದವರ ಬಟ್ಟೆಯನ್ನು, ಕ್ರಿಕೆಟ್ಟಿನವರ ತಲೆಗೂದಲನ್ನು ಜನ ಯಾಕೆ ನಕಲು ಮಾಡುತ್ತಾರೆ ಅಂತ ಯಾರನ್ನೇ ಕೇಳಿ, "ಅವರ ತರ ಕಾಣಬೇಕು ಅನ್ನೋ ಆಸೆ" ಅನ್ನುತ್ತಾರೆ. ನನಗೆ ಈ ಮಾತಿನ ಮೇಲೆ ಅಷ್ಟು ನಂಬಿಕೆ ಇಲ್ಲ. ಕನ್ನಡಿ ಎಲ್ಲರ ಮನೆಯಲ್ಲೂ ಇದೆ. ಗಡ್ಡ ಬಿಟ್ಟ ಮಾತ್ರಕ್ಕೆ ತಾನು ಯಶ್ ಆಗುವುದಿಲ್ಲ ಅನ್ನುವುದು ಹುಡುಗನಿಗೆ ಗಡ್ಡ ಬಿಡುವ ಮೊದಲೇ ಗೊತ್ತು. ಅವನಿಗೆ ಬೇಕಾಗಿರುವುದು ಜಾಮೀನು. ಸೊಸೈಟಿಯಲ್ಲಿ ಸಾಲ ಎತ್ತುವಾಗ ನಮ್ಮ ಜೊತೆ ಬಂದು ಒಂದು ಸಹಿ ಹಾಕಿ, ಕಾಫಿ ಕುಡಿದು ಹೋಗುತ್ತಾರಲ್ಲ, ಅಂಥ ಒಬ್ಬ ಜಾಮೀನುದಾರ. "ಇದೇನೋ ನಿನ್ನ ವೇಷ?" ಅಂತ ಅಪ್ಪ ಕೇಳಿದಾಗ "ನಂಗಿಷ್ಟ" ಅಂದರೆ ಮಲೆನಾಡಿನ ಜಗಲಿಯಲ್ಲಿ ಅದು ಉತ್ತರವೇ ಅಲ್ಲ. "ಯಶ್ ಬಿಟ್ಟಿಲ್ವಾ?" ಅಂದರೆ ಉತ್ತರ. ಅಪ್ಪ ಅದನ್ನು ಒಪ್ಪಬೇಕಂತಿಲ್ಲ. ಆದರೆ ಬೈಗುಳದಲ್ಲಿ ಅರ್ಧ ಯಶ್ ಪಾಲಿಗೆ ಹೋಗುತ್ತದೆ.

ಗಡ್ಡದ ವಿಷಯವನ್ನೇ ತೆಗೆದುಕೊಳ್ಳಿ. ಮೊದಲೆಲ್ಲ ನಮ್ಮ ಕಡೆ ಗಡ್ಡ ಬಿಟ್ಟವನನ್ನು ಕಂಡರೆ ಜನ ದನಿ ತಗ್ಗಿಸಿ ವಿಚಾರಿಸುತ್ತಿದ್ದರು. ಮನೆಯಲ್ಲಿ ಸೂತಕವಾ, ಹರಕೆಯಾ, ಶಬರಿಮಲೆಗೆ ಮಾಲೆ ಹಾಕಿದ್ದಾನಾ, ಹೆಂಡತಿ ಬಸುರಿಯಾ? ಇದ್ಯಾವುದೂ ಅಲ್ಲ ಅಂದರೆ ಹುಡುಗಿ ಕೈಕೊಟ್ಟಿದ್ದಾಳೆ ಅಂತಲೇ ತೀರ್ಮಾನ. ಸುಮ್ನೆ ಗಡ್ಡ ಬಿಡುವ ಹಕ್ಕು ಸನ್ಯಾಸಿಗಳಿಗೆ ಮತ್ತು ಕವಿಗಳಿಗೆ ಮಾತ್ರ ಇತ್ತು. 2018ರ ಡಿಸೆಂಬರಿನಲ್ಲಿ ಕೆಜಿಎಫ್ ಬಂದ ಮೇಲೆ ಈ ವಿಚಾರಣೆಯೇ ನಿಂತುಹೋಯಿತು. ಅಡಿಕೆ ಮಂಡಿಯಲ್ಲಿ, ಕಾಲೇಜಿನಲ್ಲಿ, ಮದುವೆಮನೆಯ ಬಡಿಸುವ ಸಾಲಿನಲ್ಲಿ ಎಲ್ಲ ಕಡೆ ಗಡ್ಡ. ಕ್ಷೌರದ ಅಂಗಡಿಗಳಿಗೆ ಇದರಿಂದ ನಷ್ಟ ಆಗಿರಬೇಕು ಅಂದುಕೊಂಡಿದ್ದೆ. ಆಗಿಲ್ಲ. ಗಡ್ಡ ತೆಗೆಯುವುದಕ್ಕಿಂತ ಇಟ್ಟುಕೊಳ್ಳುವುದಕ್ಕೇ ಖರ್ಚು ಜಾಸ್ತಿ. ಶೇಪ್ ಕೊಡಬೇಕು, ಅಂಚು ಗೀರಬೇಕು, ಎಣ್ಣೆ ಹಚ್ಚಬೇಕು.

ಆ ಅಂಗಡಿಗಳಲ್ಲಿ ಸುಮ್ಮನೆ ಪೇಪರ್ ಹಿಡಿದು ಕೂತರೆ ಒಳ್ಳೆಯ ಮಜಾ. ಹುಡುಗ ಕುರ್ಚಿಯಲ್ಲಿ ಕೂತವನೇ ಫೋನ್ ಮುಂದೆ ಹಿಡಿಯುತ್ತಾನೆ. ಕತ್ತರಿ ಹಿಡಿದವರು ಎರಡು ಬೆರಳಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಾರೆ, ಆಮೇಲೆ ಹುಡುಗನ ತಲೆಯನ್ನು ಅತ್ತ ಇತ್ತ ತಿರುಗಿಸಿ ನೋಡುತ್ತಾರೆ. "ಮಾಡಬಹುದು. ಆದ್ರೆ ನಿಂದು ಸುಳಿ ಮುಂದಿದೆ, ಕೂದ್ಲು ನಿಲ್ಲಲ್ಲ. ಹತ್ತಿರ ಹತ್ತಿರ ಬರೋ ಹಾಗೆ ಮಾಡ್ತೀನಿ." ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಸೈಡಲ್ಲಿ ಪೂರ್ತಿ ಬೋಳಿಸಬೇಡಿ, ಮನೇಲಿ ಅಜ್ಜಿ ಇದಾರೆ" ಅನ್ನುತ್ತಾನೆ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಹುಟ್ಟಿದ ಕಟಿಂಗ್ ಅಜ್ಜಿಯನ್ನೂ ಸುಳಿಯನ್ನೂ ದಾಟಿ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತದೆ.

ಜಾಮೀನು ಹಾಕಿದವರೇ ಕೈಕೊಡುವುದೂ ಉಂಟು. ಧೋನಿ ಮೊದಮೊದಲು ಹೆಗಲವರೆಗೆ ಕೂದಲು ಬಿಟ್ಟಿದ್ದು ನೆನಪಿದೆಯಲ್ಲ? 2006ರಲ್ಲಿ ಲಾಹೋರಿನ ಪಂದ್ಯ ಮುಗಿದ ಮೇಲೆ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಮುಷರಫ್, ಈ ಕೂದಲು ನಿನಗೆ ಚೆನ್ನಾಗಿದೆ, ಕತ್ತರಿಸಬೇಡ ಅಂತ ಎಲ್ಲರ ಎದುರೇ ಹೇಳಿದರು. ನಮ್ಮೂರ ಹುಡುಗರಿಗೆ ಅದಕ್ಕಿಂತ ದೊಡ್ಡ ಸಹಿ ಬೇಕಾ? ಒಬ್ಬ ವಿಕೆಟ್ ಕೀಪರ್, ಒಬ್ಬ ರಾಷ್ಟ್ರಾಧ್ಯಕ್ಷ! ಹೆಡ್‌ಮಾಸ್ಟರ ಎದುರು ಕೂಡ ಇದನ್ನು ಹೇಳಿ ನೋಡಿದವರಿದ್ದಾರೆ. ಆಮೇಲೆ 2007ರಲ್ಲಿ ಧೋನಿ ತಣ್ಣಗೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದರು. ಇಲ್ಲಿ ಉದ್ದ ಕೂದಲು ಬಿಟ್ಟವರೆಲ್ಲ ಜಾಮೀನುದಾರ ಊರುಬಿಟ್ಟ ಸಾಲಗಾರರಾದರು.

ಗುರುತಿಲ್ಲದವರು ಜಾಮೀನು ನಿಲ್ಲುವುದಿಲ್ಲ ಅಲ್ವಾ? ಹಾಗಾದರೆ ಈ ದೊಡ್ಡವರು ನಮಗೆ ಹೇಗೆ ಗುರುತು? ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಅನ್ನುವ ಇಬ್ಬರು ಅಮೆರಿಕನ್ನರು 1956ರಲ್ಲೇ ಇದರ ಬಗ್ಗೆ ಬರೆದರು. ಟೀವಿಯಲ್ಲಿ ದಿನಾ ಕಾಣುವವರ ಜೊತೆ ನೋಡುಗನಿಗೆ ಸ್ನೇಹದಂಥದ್ದೇ ಬೆಳೆಯುತ್ತದೆ, ಆದರೆ ಅದು ಒಂದೇ ಕಡೆಯ ಸ್ನೇಹ ಅನ್ನುವುದು ಅವರ ಮಾತು. ಅವರು ಟೀವಿ ಬಗ್ಗೆ ಹೇಳಿದರು. ನಮಗೆ ಟೀವಿಯವರೆಗೆ ಕಾಯುವ ಕೆಲಸವೇ ಇರಲಿಲ್ಲ. ರಾಜ್‌ಕುಮಾರ್ ನಮಗೆ ಯಾವತ್ತೋ ಅಣ್ಣಾವ್ರು ಆಗಿದ್ದರು. ಆಮೇಲೆ ಅವರ ಮಗ ಅಪ್ಪು, ಮನೆಮಗ. ಅಣ್ಣ ಹಾಕಿದ ಅಂಗಿಯನ್ನು ತಮ್ಮ ಹಾಕಿಕೊಂಡರೆ ಅದನ್ನು ನಕಲು ಅಂತ ಯಾರು ಅನ್ನುತ್ತಾರೆ? ಇನ್ನು ಸುದೀಪ್ ಹುಟ್ಟಿದ್ದೇ ಶಿವಮೊಗ್ಗದಲ್ಲಿ. ಅವರ ತಲೆಗೂದಲಿಗೆ ಇಲ್ಲಿ ಒಂದು ಕೈ ರಿಯಾಯಿತಿ ಜಾಸ್ತಿ.

ಅಣ್ಣಾವ್ರ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ತೆರೆಯ ಮೇಲೆ ಅವರು ಹಾಕದ ವೇಷ ಇಲ್ಲ. ಆದರೆ ಹೊರಗೆ ಬಂದರೆ ಬಿಳಿ ಪಂಚೆ, ಬಿಳಿ ಅಂಗಿ. ಅವರನ್ನು ನೋಡಿ ನಮ್ಮ ಹಿರಿಯರು ಬಿಳಿ ಪಂಚೆ ಉಟ್ಟರು ಅಂತ ಹೇಳಿದರೆ ಯಾವ ಜಗಲಿಯಲ್ಲೂ ಒಪ್ಪುವುದಿಲ್ಲ. ಅವರೇ ನಮ್ಮ ಹಾಗೆ ಉಡುತ್ತಿದ್ದರು ಅನ್ನುತ್ತಾರೆ. ಅದು ನಿಜವೂ ಹೌದು. ತುಂಗಾ ಅಣೆಕಟ್ಟು ಇರುವ ನಮ್ಮ ಗಾಜನೂರು ಬೇರೆ, ಅವರು ಹುಟ್ಟಿದ ಗಾಜನೂರು ಬೇರೆ. ಅದು ಗೊತ್ತಿದ್ದೂ ಅಣೆಕಟ್ಟು ನೋಡಲು ಬಂದ ನೆಂಟರಿಗೆ "ಇದೇ ಗಾಜನೂರು" ಅಂತ ಅರ್ಧ ಹೇಳಿ ಸುಮ್ಮನಾಗುವವರು ನಮ್ಮಲ್ಲಿದ್ದಾರೆ.

ಸಿನಿಮಾ ಬರುವ ಮೊದಲೂ ಜಾಮೀನು ಇತ್ತು, ಜಾಮೀನುದಾರರು ಬೇರೆ ಇದ್ದರು ಅಷ್ಟೆ. ನಮ್ಮ ಅಜ್ಜಂದಿರ ಕಾಲದಲ್ಲಿ ಜುಟ್ಟು ತೆಗೆಸಿ ಕಿರಾಪು ಬಿಡುವುದು ಅಂದರೆ ಕೇರಿಗೆಲ್ಲ ಸುದ್ದಿ. ಆಗ ಜಾಮೀನು ನಿಂತವರು ಮೈಸೂರಿಗೆ ಓದಲು ಹೋಗಿ ಬಂದ ಹುಡುಗರು, ಕೋಟು ಹಾಕಿಕೊಂಡು ಜಮಾಬಂದಿಗೆ ಬರುತ್ತಿದ್ದ ಅಮಲ್ದಾರರು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಕೊಡಗಿನವರ ಬಗ್ಗೆ ಬರೆದು 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಳಗಿನ ಜಾತಿಯವರು ಮೇಲಿನವರ ಊಟ, ಆಚಾರ, ಪೂಜೆಗಳನ್ನು ಮೈಗೂಡಿಸಿಕೊಂಡು ಮೇಲೇರಲು ನೋಡುವುದನ್ನು ವಿವರಿಸಿ ಅದಕ್ಕೆ ಸಂಸ್ಕೃತೀಕರಣ ಅಂತ ಹೆಸರಿಟ್ಟರು. ಆಗ ನೋಡಿ ಕಲಿಯುವುದು ಸುಲಭದ ಕೆಲಸ ಆಗಿರಲಿಲ್ಲ. ಧಣಿಯ ಹಾಗೆ ಉಟ್ಟರೆ ಧಣಿಗೇ ಸಿಟ್ಟು ಬರುತ್ತಿತ್ತು. ಸಿನಿಮಾ ನಟನಿಗೆ ಸಿಟ್ಟು ಬರುವುದಿಲ್ಲ. ಅವನು ದೂರದಲ್ಲಿದ್ದಾನೆ, ನಮ್ಮ ಜಮೀನೇನೂ ಅವನ ಕೈಯಲ್ಲಿಲ್ಲ. ನಕಲು ಮಾಡಿದಷ್ಟೂ ಅವನಿಗೇ ಲಾಭ. ಟಿಕೆಟ್ ದುಡ್ಡು ಕೊಟ್ಟವನು ಯಾರು ಬೇಕಾದರೂ ಅವನ ಕಾಲರ್ ಇಟ್ಟುಕೊಳ್ಳಬಹುದು. ಇದನ್ನು ಸಣ್ಣ ಸಂಗತಿ ಅಂತ ನಾನು ತಿಳಿಯುವುದಿಲ್ಲ.

ಈ ಸಿನಿಮಾದವರು ಯಾರನ್ನು ನೋಡಿ ಮಾಡುತ್ತಾರೆ ಅನ್ನುವುದೂ ತಮಾಷೆಯೇ. ನಮ್ಮ ಅಮ್ಮಂದಿರ ಕಾಲದ ಸಾಧನಾ ಕಟ್ ಗೊತ್ತಲ್ಲ, ಹಣೆಯ ಮೇಲೆ ಕೂದಲು ಇಳಿಬಿಡುವುದು. ಹಿಂದಿ ನಟಿ ಸಾಧನಾ ಅವರ ಹಣೆ ಅಗಲ. 1960ರಲ್ಲಿ ಬಂದ ಅವರ ಒಂದು ಸಿನಿಮಾಕ್ಕೆ ಅದನ್ನು ಮುಚ್ಚಬೇಕಿತ್ತು. ನಿರ್ದೇಶಕರು ಹಾಲಿವುಡ್ಡಿನ ಆಡ್ರಿ ಹೆಪ್‌ಬರ್ನ್ ತರ ಕೂದಲು ಕತ್ತರಿಸಿಕೊಳ್ಳಲು ಹೇಳಿದರು. ಅಗಲ ಹಣೆಗೆ ಮಾಡಿದ ಉಪಾಯ ದೇಶದ ತುಂಬ ಹಬ್ಬಿತು. ಎರಡು ಬೆರಳಗಲ ಹಣೆ ಇದ್ದವರೂ ಅದನ್ನೇ ಮಾಡಿಸಿಕೊಂಡು ಇದ್ದ ಹಣೆಯನ್ನೂ ಕಳೆದುಕೊಂಡರು.

ಹೆಂಗಸರ ಬಟ್ಟೆಯ ಲೋಕಕ್ಕೆ ಬಂದರೆ ಜಾಮೀನಿನ ವ್ಯವಹಾರ ಇನ್ನೂ ಗಟ್ಟಿ. ನಮ್ಮ ಶಿವಮೊಗ್ಗದ ಗಾಂಧಿಬಜಾರಿನ ಕಡೆ ಬ್ಲೌಸ್ ಹೊಲಿಯುವ ಒಬ್ಬರು ಅಕ್ಕ ಇದ್ದಾರೆ. ಶ್ರಾವಣಕ್ಕೆ ಮುಂಚೆ ಅವರ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕವರಿನಲ್ಲಿ ಸೀರೆ, ಸೀರೆಯೊಳಗೆ ಅಳತೆ ಬ್ಲೌಸ್, ಫೋನಿನಲ್ಲಿ ಯಾವುದೋ ನಟಿಯ ಬೆನ್ನು.

"ಅಕ್ಕ, ಹಿಂದೆ ಹೀಗೇ ಬರಬೇಕು. ಡೋರಿ ಹಾಕಿ, ತುದಿಗೆ ಗೊಂಡೆ."

"ಇಷ್ಟು ಆಳ ತೆಗೀಬೇಕಾ?"

"ಫೋಟೋದಲ್ಲಿ ಹಾಗೇ ಇದೆಯಲ್ಲ."

"ಅವಳ ಅತ್ತೆ ನಮ್ಮ ಅಂಗಡಿಗೆ ಬರಲ್ಲ ಕಣೆ. ನಿನ್ನ ಅತ್ತೆ ಬರ್ತಾರೆ."

ಚೌಕಾಸಿ ಶುರು. ಕಡೆಗೆ ನಾಲ್ಕು ಬೆರಳು ಮೇಲಕ್ಕೆ ಬರುತ್ತದೆ. ಡೋರಿ ಉಳಿಯುತ್ತದೆ, ಗೊಂಡೆ ಉಳಿಯುತ್ತದೆ, ತೋಳು ಮೊಣಕೈವರೆಗೆ ಇಳಿಯುತ್ತದೆ. ಒಳಗಡೆ ಎರಡೂ ಪಕ್ಕ ಬಟ್ಟೆ ಬಿಟ್ಟಿರುತ್ತಾರೆ, ಮುಂದೆ ಬಿಚ್ಚಿಕೊಳ್ಳಲು ಬೇಕಲ್ಲ. ಆ ನಟಿ ಈ ಬ್ಲೌಸನ್ನು ನೋಡಿದರೆ ತನ್ನದು ಅಂತ ಗುರುತು ಹಿಡಿಯುವುದು ಕಷ್ಟ. ಮುಂದಿನ ವಾರ ಅದೇ ಕೇರಿಯ ಇನ್ನೊಬ್ಬಾಕೆ ಬರುತ್ತಾಳೆ. ಅವಳು ಫೋನ್ ತೆಗೆಯುವುದೇ ಇಲ್ಲ. "ಮೂಲೆಮನೆ ಹುಡುಗಿಗೆ ಹೊಲಿದ್ರಲ್ಲ, ಅದೇ ತರ. ಸ್ವಲ್ಪ ಬೇರೆ ಇರ್ಲಿ" ಅನ್ನುತ್ತಾಳೆ. ನಟಿಯ ಕೆಲಸ ಮೊದಲ ಬ್ಲೌಸಿಗೆ ಮುಗಿಯಿತು. ಎರಡನೆಯದಕ್ಕೆ ಮೂಲೆಮನೆಯವಳೇ ಸಾಕು. ಹತ್ತನೆಯದನ್ನು ಹೊಲಿಯುವ ಹೊತ್ತಿಗೆ ಮೂಲೆಮನೆಯವಳು ಅದನ್ನು ಹಾಕುವುದು ಬಿಟ್ಟಿರುತ್ತಾಳೆ. ಇದನ್ನೇ ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಝಿಮೆಲ್ 1904ರಲ್ಲಿ ಗಂಭೀರವಾಗಿ ಬರೆದಿದ್ದಾರೆ. ಕೆಳಗಿನವರು ಹಿಡಿದ ಕೂಡಲೇ ಮೇಲಿನವರು ಬಿಟ್ಟು ಮುಂದೆ ಹೋಗುತ್ತಾರೆ, ಫ್ಯಾಷನ್ ನಡೆಯುವುದೇ ಹಾಗೆ ಅಂತ. ಅಕ್ಕನಿಗೆ ಝಿಮೆಲ್ ಗೊತ್ತಿಲ್ಲ. ಆದರೆ ಒಂದೇ ಕೇರಿಯ ಇಬ್ಬರ ಬ್ಲೌಸನ್ನು ಒಂದೇ ದಿನ ಕೊಡಬಾರದು ಅನ್ನುವುದು ಗೊತ್ತು.

ಮದುವೆಗಳದ್ದು ಇನ್ನೊಂದು ಕತೆ. 2017ರ ಡಿಸೆಂಬರಿನಲ್ಲಿ ಇಟಲಿಯಲ್ಲಿ ಅನುಷ್ಕಾ ಶರ್ಮಾ ತಿಳಿ ಗುಲಾಬಿ ಬಣ್ಣದ ಲೆಹೆಂಗಾ ಹಾಕಿಕೊಂಡು ವಿರಾಟ್ ಕೊಹ್ಲಿಯನ್ನು ಮದುವೆಯಾದರು. ಅಲ್ಲಿಂದ ಮುಂದೆ ನಮ್ಮ ಕಲ್ಯಾಣಮಂಟಪಗಳಲ್ಲೂ ಬಣ್ಣ ತಿಳಿಯಾಗತೊಡಗಿತು. ಮುಹೂರ್ತಕ್ಕೆ ಧಾರೆ ಸೀರೆಯೇ. ಅಲ್ಲಿ ಯಾವ ನಟಿಯ ಜಾಮೀನೂ ನಡೆಯುವುದಿಲ್ಲ, ಪುರೋಹಿತರಿದ್ದಾರೆ, ಸೋದರತ್ತೆ ಇದ್ದಾರೆ. ಆರತಕ್ಷತೆ ಮಾತ್ರ ಹುಡುಗಿಯ ಪಾಲಿನದು. "ಮದುವಣಗಿತ್ತಿ ಯಾಕೆ ಇಷ್ಟು ಬಿಳಚಿಕೊಂಡಿದಾಳೆ?" ಅಂತ ಮುಂದಿನ ಸಾಲಿನ ಅಜ್ಜಿಯರು ಮಾತಾಡಿಕೊಳ್ಳುತ್ತಾರೆ. ಆ ತಿಳಿ ಗುಲಾಬಿಯ ಮೇಲೆ ಒಂದು ತೊಟ್ಟು ಸಾರು ಬಿದ್ದರೆ ಏನು ಗತಿ ಅನ್ನುವುದು ನನ್ನ ಚಿಂತೆ.

ನಮ್ಮಲ್ಲಿ ಫ್ಯಾಷನ್ನಿಗೆ ಕಡೆಯ ಒಪ್ಪಿಗೆ ಕೊಡುವುದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ. ಅಮಿತಾಭ್ ಬಚ್ಚನ್ ಎಷ್ಟು ದೊಡ್ಡ ಸಹಿ ಹಾಕಿದ್ದರೂ 1970ರ ದಶಕದ ಬೆಲ್‌ಬಾಟಂ ಇಲ್ಲಿ ಮಳೆಗಾಲ ದಾಟಲಿಲ್ಲ. ಅಂಚು ಕೆಸರು ಗುಡಿಸುತ್ತಿತ್ತು. ಇಂಬಳಗಳಿಗಂತೂ ಅಷ್ಟು ಅಗಲದ ಹೆಬ್ಬಾಗಿಲು ಎಲ್ಲೂ ಸಿಕ್ಕಿರಲಿಕ್ಕಿಲ್ಲ. ಈಗಿನ ಜೀನ್ಸ್ ಪ್ಯಾಂಟಿನದ್ದು ಬೇರೆ ಗೋಳು. ಆಷಾಢದಲ್ಲಿ ಒಗೆದರೆ ವಾರವಾದರೂ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕಬೇಕು. ಸೊಂಟಪಟ್ಟಿ ಕಡೆಯವರೆಗೂ ಹಸಿ. ಆಮೇಲೆ ಅದನ್ನು ಹಾಕಿಕೊಂಡು ಬಸ್ಸಿನಲ್ಲಿ ಕೂತರೆ ಪಕ್ಕದವರಿಗೆ, ಇವರ ಮನೆಯಲ್ಲಿ ಇನ್ನೂ ಸೌದೆ ಒಲೆ ಇದೆ ಅಂತ ಮೂಗಿನಲ್ಲೇ ತಿಳಿಯುತ್ತದೆ.

ಇತ್ತೀಚೆಗೆ ಗಾಡಿ ತಿರುಗಿ ಬರುತ್ತಿದೆ. ತೀರ್ಥಹಳ್ಳಿ ಕಡೆಯ ಹೋಮ್‌ಸ್ಟೇಗಳಿಗೆ ಬೆಂಗಳೂರಿನಿಂದ ಬಂದವರು ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡು ತೋಟದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಯಾರೋ ಹೆಸರುವಾಸಿಯಾದವರು ಹಾಗೆ ತೆಗೆಸಿಕೊಂಡಿದ್ದನ್ನು ಫೋನಿನಲ್ಲಿ ನೋಡಿ ಬಂದಿರುತ್ತಾರೆ. ಅದೇ ತೋಟದಲ್ಲಿ ಅಡಿಕೆ ಕೊನೆ ಕೊಯ್ಯಲು ಬಂದವನ ತಲೆಯ ಮೇಲೆ ಸಿನಿಮಾ ಹೆಸರು ಬರೆದ ಕ್ಯಾಪ್. ಟೊಪ್ಪಿ ಹೊಲಿಯುವುದು ಅವನೇ. ಅದನ್ನು ನೀನು ಹಾಕುವುದಿಲ್ಲವಾ ಅಂದಿದ್ದಕ್ಕೆ ಬೀಡಿ ಕಚ್ಚಿಕೊಂಡೇ ಹೇಳಿದ: "ನಾನ್ಯಾಕೆ ಹಾಕ್ಲಿ ಮಾರಾಯ್ರೆ? ಜಾಸ್ತಿ ಬೇಕಿದ್ರೆ ಹೇಳಿ, ಶನಿವಾರದೊಳಗೆ ಮಾಡಿಕೊಡ್ತೀನಿ."